90 ದಿನದ ಪದಕ, ಒಂಬತ್ತು ವರ್ಷದ ಕಥೆ

ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ಪೊಲೀಸರಿಗೆ ಒಂದು ಕಂಚಿನ ಪದಕ ಕೊಡ್ತಾರೆ. ಸಾಮಾನ್ಯವಾಗಿ 90 ದಿನ ಸೇವೆ ಮಾಡಿದ್ರೆ ಸಾಕು. ಶೌರ್ಯ ಪದಕ ಅಲ್ಲ. ಹಾಗಾದ್ರೆ ಅದಕ್ಕೇನು ಬೆಲೆ?

ಲೈಬೀರಿಯಾ ನೋಡಿ. ಅಂತರ್ಯುದ್ಧದಲ್ಲಿ ನಲುಗಿದ್ದ ದೇಶ; ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ವ್ಯಾಪಕವಾಗಿತ್ತು. 2007ರ ಜನವರಿಯಲ್ಲಿ ರಾಜಧಾನಿ ಮನ್ರೋವಿಯಾಗೆ ನಮ್ಮ ಸಿಆರ್‌ಪಿಎಫ್‌ನ ಮಹಿಳಾ ತಂಡ ಬಂದಿಳಿಯಿತು. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲ ಪೂರ್ಣ ಮಹಿಳಾ ಪೊಲೀಸ್ ಘಟಕ ಅದು. ರಾತ್ರಿ ಗಸ್ತು, ಅಧ್ಯಕ್ಷರ ಕಚೇರಿಯ ಕಾವಲು ಎಲ್ಲ ಇವರದ್ದೇ. ತಂಡಗಳು ಬದಲಾಗುತ್ತಾ 2016ರವರೆಗೆ ಅಲ್ಲಿದ್ದರು.

ಅಷ್ಟರಲ್ಲಿ ಅಲ್ಲಿನ ಭದ್ರತಾ ಪಡೆಗಳಲ್ಲಿ ಮಹಿಳೆಯರ ಪಾಲು ಶೇ. 6ರಿಂದ 17ಕ್ಕೆ ಏರಿತ್ತು. ಇವರೇ ಸ್ಫೂರ್ತಿ ಅಂದರು ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್‌ಲೀಫ್.

ಪದಕದ ರಿಬ್ಬನ್ ಬಣ್ಣ ಒಂದೊಂದು ಕಾರ್ಯಾಚರಣೆಗೆ ಒಂದೊಂದು. ಎಲ್ಲಾದ್ರೂ ಕಂಡ್ರೆ, ಯಾವ ದೇಶ ಅಂತ ಕೇಳಿ.