ರೋಶ್ ವಿರುದ್ಧ ಸಿಪ್ಲಾ ಪ್ರಕರಣ

ಎಫ್. ಹಾಫ್‌ಮನ್-ಲಾ ರೋಶ್ ವಿರುದ್ಧ ಸಿಪ್ಲಾ ಎಂಬುದು ಎರ್ಲೋಟಿನಿಬ್ ಎಂಬ ಕ್ಯಾನ್ಸರ್ ಔಷಧಿಯ ಪೇಟೆಂಟಿಗೆ ಸಂಬಂಧಿಸಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆ. ತಾತ್ಕಾಲಿಕ ತಡೆಯಾಜ್ಞೆ ನೀಡುವಾಗ ಸಾರ್ವಜನಿಕ ಹಿತವನ್ನೂ ಪರಿಗಣಿಸಬೇಕೆಂದು ಹೇಳಿದ ತೀರ್ಪುಗಳಿಂದಾಗಿ ಇದು ಭಾರತದ ಪೇಟೆಂಟ್ ಕಾನೂನಿನಲ್ಲಿ ಪ್ರಮುಖವೆನಿಸಿದೆ.

ಹಿನ್ನೆಲೆ

ಎರ್ಲೋಟಿನಿಬ್ ಶ್ವಾಸಕೋಶದ ಕ್ಯಾನ್ಸರ್‌ನ ಚಿಕಿತ್ಸೆಯಲ್ಲಿ ಬಳಸುವ ಮಾತ್ರೆ. ಇದಕ್ಕೆ 2007ರಲ್ಲಿ ಭಾರತದಲ್ಲಿ ಪೇಟೆಂಟ್ ದೊರೆಯಿತು. ರೋಶ್ ಸಂಸ್ಥೆಯು ಇದನ್ನು ಟಾರ್ಸೆವಾ ಎಂಬ ಹೆಸರಿನಲ್ಲಿ ಮಾರುತ್ತಿತ್ತು. 2008ರ ಆರಂಭದಲ್ಲಿ ಸಿಪ್ಲಾ ಅದೇ ಔಷಧಿಯನ್ನು ಎರ್ಲೋಸಿಪ್ ಎಂಬ ಹೆಸರಿನಲ್ಲಿ ತಂದಾಗ ರೋಶ್ ದಾವೆ ಹೂಡಿತು. ಆಗ ಟಾರ್ಸೆವಾದ ಒಂದು ಮಾತ್ರೆಗೆ ಸುಮಾರು 4,800 ರೂಪಾಯಿ, ಎರ್ಲೋಸಿಪ್‌ಗೆ ಸುಮಾರು 1,600 ರೂಪಾಯಿ ಬೆಲೆಯಿತ್ತು.

ತಡೆಯಾಜ್ಞೆಯ ನಿರಾಕರಣೆ

ತಾತ್ಕಾಲಿಕ ತಡೆಯಾಜ್ಞೆಯು ವಿಚಾರಣೆ ಮುಗಿಯುವ ಮೊದಲೇ ಪ್ರತಿವಾದಿಯ ಕೈಕಟ್ಟುವ ಅಸಾಧಾರಣ ಪರಿಹಾರ. ಅದನ್ನು ಕೋರುವವರು ಮೇಲ್ನೋಟಕ್ಕೆ ತಮ್ಮ ಪಕ್ಷ ಬಲವಾಗಿದೆ, ಅನುಕೂಲತೆಯ ತಕ್ಕಡಿ ತಮ್ಮತ್ತ ವಾಲಿದೆ, ಆಜ್ಞೆಯಿಲ್ಲದಿದ್ದರೆ ತುಂಬಲಾರದ ನಷ್ಟವಾಗುತ್ತದೆ ಎಂಬ ಮೂರು ಅಂಶಗಳನ್ನು ತೋರಿಸಬೇಕು. 2008ರ ಮಾರ್ಚ್ 19ರಂದು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಏಕಸದಸ್ಯ ಪೀಠವು ಈ ಕೋರಿಕೆಯನ್ನು ತಿರಸ್ಕರಿಸಿತು. ರೋಶ್‌ನ ನಷ್ಟವನ್ನು ಹಣದಿಂದ ತುಂಬಿಕೊಡಬಹುದು. ಜೀವರಕ್ಷಕ ಔಷಧಿ ಕೈಗೆಟುಕದ ರೋಗಿಗಳಿಗಾಗುವ ಹಾನಿಯನ್ನು ತುಂಬಲಾಗದು ಎಂಬುದು ಪೀಠದ ತರ್ಕದ ತಿರುಳು. ಆದರೆ ಮಾರಾಟದ ಲೆಕ್ಕವನ್ನು ಸರಿಯಾಗಿ ಇಡುವಂತೆ ಸಿಪ್ಲಾಗೆ ಆದೇಶಿಸಲಾಯಿತು.

ಮೇಲ್ಮನವಿ

2009ರ ಏಪ್ರಿಲ್ 24ರಂದು ವಿಭಾಗೀಯ ಪೀಠವು ಈ ಆದೇಶವನ್ನು ಎತ್ತಿಹಿಡಿಯಿತು. ಪೇಟೆಂಟಿನ ಸಿಂಧುತ್ವವನ್ನು ಪ್ರತಿವಾದಿಯು ನಂಬಲರ್ಹವಾಗಿ ಪ್ರಶ್ನಿಸಿದರೆ ತಡೆಯಾಜ್ಞೆ ಸಲ್ಲದೆಂದ ಪೀಠ, ಸಂಬಂಧಿಸಿದ ಮತ್ತೊಂದು ಪೇಟೆಂಟ್ ಅರ್ಜಿಯ ವಿವರವನ್ನು ರೋಶ್ ಪೂರ್ಣವಾಗಿ ತಿಳಿಸಿರಲಿಲ್ಲವೆಂದು ಆಕ್ಷೇಪಿಸಿತು. ಸರ್ವೋಚ್ಚ ನ್ಯಾಯಾಲಯವು ಮಧ್ಯಪ್ರವೇಶಿಸಲಿಲ್ಲ.

ಅಂತಿಮ ತೀರ್ಪು

2012ರಲ್ಲಿ ಏಕಸದಸ್ಯ ಪೀಠವು ಪೇಟೆಂಟ್ ಸಿಂಧುವಾಗಿದ್ದರೂ ಉಲ್ಲಂಘನೆಯಾಗಿಲ್ಲವೆಂದಿತು. 2015ರ ನವೆಂಬರ್‌ನಲ್ಲಿ ವಿಭಾಗೀಯ ಪೀಠವು ಉಲ್ಲಂಘನೆಯಾಗಿದೆಯೆಂದು ತೀರ್ಮಾನಿಸಿತು. ಆದರೆ ಪೇಟೆಂಟಿನ ಅವಧಿ 2016ರ ಮಾರ್ಚ್‌ನಲ್ಲಿ ಮುಗಿಯಲಿದ್ದುದರಿಂದ ತಡೆಯಾಜ್ಞೆ ನೀಡದೆ, ಲಾಭದ ಲೆಕ್ಕ ಒಪ್ಪಿಸುವಂತೆ ಸಿಪ್ಲಾಗೆ ಸೂಚಿಸಿತು.

ಮಹತ್ವ

ಪೇಟೆಂಟ್ ಹೊಂದಿದ ಮಾತ್ರಕ್ಕೆ ತಡೆಯಾಜ್ಞೆ ತಾನಾಗಿ ದೊರೆಯುವುದಿಲ್ಲ ಎಂಬುದನ್ನು ಈ ಪ್ರಕರಣ ಸ್ಪಷ್ಟಪಡಿಸಿತು. ಕೊನೆಗೆ ಹಕ್ಕು ರೋಶ್‌ನದೇ ಎಂದು ಸಾಬೀತಾದರೂ, ವ್ಯಾಜ್ಯ ನಡೆದ ವರ್ಷಗಳಲ್ಲಿ ಕಡಿಮೆ ಬೆಲೆಯ ಮಾತ್ರೆಯ ಮಾರಾಟಕ್ಕೆ ನ್ಯಾಯಾಲಯದ ತಡೆ ಬೀಳಲಿಲ್ಲ.