ಬಾರಕೂರಿನ ಎರಡು ಲಿಪಿಗಳು

ಕ್ರಿ.ಶ. 1342ರ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಸಾಗಿದ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ 'ಫಾಕನೂರ್' ಎಂದು ಕರೆದದ್ದು ಬ್ರಹ್ಮಾವರದ ಸಮೀಪದ ಬಾರಕೂರನ್ನು. ಅಲ್ಲಿ ಮುಸ್ಲಿಮರ ಮುಖಂಡ, ಖಾಝಿ, ಖತೀಬರಿದ್ದರೆಂದೂ ಜುಮಾ ಮಸೀದಿ ಇತ್ತೆಂದೂ ಆತ ಬರೆದಿದ್ದಾನೆ. ಖಾಝಿ, ಖತೀಬರಿದ್ದಲ್ಲಿ ಅರಬಿ ಬರಹ ಇದ್ದಿರಲೇಬೇಕು. ಅದೇ ಊರಿನಲ್ಲಿ ಕಲ್ಲುಕುಟಿಗರು ಕನ್ನಡ ಶಾಸನಗಳನ್ನು ಕೆತ್ತುತ್ತಿದ್ದರು.

ಲಿಪಿಯ ಚೆಲುವಿನ ಗುಟ್ಟು ಬರೆಯುವ ಸಾಧನದಲ್ಲೂ ಇದೆ. ಓಲೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುವ ಭಯ. ಕನ್ನಡದ ಅಕ್ಷರಗಳು ದುಂಡಗಾಗಲು ಇದೂ ಒಂದು ಕಾರಣವೆನ್ನುತ್ತಾರೆ. ಅರಬಿಯ ಕಲಮ್ ಓರೆಯಾಗಿ ಕತ್ತರಿಸಿದ ಜೊಂಡು. ಅದನ್ನು ಒತ್ತಿದಾಗ ಮೂಡುವ ಚೌಕ ಚುಕ್ಕೆಯೇ ಅಳತೆ. ಅಲಿಫ್‌ನ ಎತ್ತರವನ್ನು ಆ ಚುಕ್ಕೆಗಳಿಂದಲೇ ಎಣಿಸುತ್ತಾರೆ. 10ನೇ ಶತಮಾನದಲ್ಲಿ ಬಗ್ದಾದಿನ ವಜೀರ ಇಬ್ನ್ ಮುಕ್ಲ ಈ ಕ್ರಮವನ್ನು ರೂಪಿಸಿದನೆಂಬುದು ಪರಂಪರೆಯ ಮಾತು. ವಿಜಾಪುರದ ಇಬ್ರಾಹೀಮ್ ರೋಜಾದಲ್ಲಿ ಅಂತಹ ಅಕ್ಷರಗಳೇ ಕಲ್ಲಿನ ಜಾಲಂಧ್ರಗಳಾಗಿವೆ.

ಕರಾವಳಿಯ ಶಾಸನಗಳಲ್ಲಿ 'ಹಂಜಮಾನ' ಎಂಬ ಪದವಿದೆ. ಹೊರನಾಡಿನ, ಮುಖ್ಯವಾಗಿ ಮುಸ್ಲಿಮ್, ವರ್ತಕರ ಸಂಘಕ್ಕೆ ಆ ಹೆಸರು. ಪಾರಸಿಯ 'ಅಂಜುಮನ್' ಕನ್ನಡ ಅಕ್ಷರ ತೊಟ್ಟು ಕಲ್ಲಿನಲ್ಲಿ ಉಳಿದಿದೆ. ಅದನ್ನು ಓದಬಲ್ಲವರೇ ಇಲ್ಲವಾದರೆ ಈ ಸಹಬಾಳ್ವೆಗೆ ಸಾಕ್ಷಿ ಹೇಳುವವರಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಆಸಕ್ತರು ವಾರಾಂತ್ಯದಲ್ಲಿ ಸೇರಿ ಒಂದು ಕಮ್ಮಟ ನಡೆಸಲು ದೊಡ್ಡ ವೆಚ್ಚವೇನೂ ಬೇಡ. ಶನಿವಾರ ಜೊಂಡಿನ ಲೇಖನಿ, ಶಾಯಿ, ಕಾಗದ. ಭಾನುವಾರ ಬಾರಕೂರಿನ ಶಾಸನಗಳೆದುರು ಬಲ್ಲವರೊಡನೆ ಕುಳಿತು ಹಳೆಯ ಅಕ್ಷರಗಳನ್ನು ನೋಡಿ ಬರೆಯುವುದು. ಕೈಯಾರೆ ಬರೆದ ಅಕ್ಷರವನ್ನು ಕಣ್ಣು ಬೇಗ ಮರೆಯುವುದಿಲ್ಲ.