ಖರ್ಜದ ತಂತಿ

ನಮ್ಮ ತಂಗಿ ಮಗಳು ಬೆಂಗಳೂರಾಗ ಬೇಸ್ ಗಿಟಾರ್ ಕಲಿಯಾಕತ್ತಾಳ. ದೀಪಾವಳಿಗೆ ಇಂಡಿಗೆ ಬಂದಾಗ ಬಾರಿಸಿ ತೋರಿಸಿದಳು. ನಮ್ಮ ವೈನಿ ಕೇಳಿ, "ಇದೇನವಾ, ಬರೇ ಗುಂಯ್ ಗುಂಯ್ ಅಂತೈತಿ, ಹಾಡ ಎಲ್ಲೈತಿ?" ಅಂದ್ರು. ಹುಡುಗಿ ಮಾರಿ ಸಣ್ಣದಾತು. ಆವತ್ತ ನನಗ ಉತ್ತರ ಹೊಳೀಲಿಲ್ಲ. ಈಗ ಬರೀತೀನಿ, ವೈನಿನೂ ಓದ್ಲಿ.

ಹಾಡಿಗೆ ಮೊದಲ ಈ ಗುಂಯ್ ಅನ್ನೂ ದನಿ ಬೇಕು ಅನ್ನೂದು ನಮ್ಮ ಜಿಲ್ಲಾಕ್ಕ ಹೊಸಾದಲ್ಲ. ವಿಜಾಪುರ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹ (1580–1627) ತನ್ನ ಆನಿಗೆ 'ಆತಶ್ ಖಾನ್' ಅಂತ ಹೆಸರಿಟ್ಟಿದ್ದ, ತನ್ನ ತಂಬೂರಿಗೆ 'ಮೋತಿ ಖಾನ್' ಅಂತ. ಮನಿ ಮಂದಿಗೆ ಇಟ್ಟಂಗ ವಾದ್ಯಕ್ಕೂ ಹೆಸರು! ಅವನು ಬರೆದ 'ಕಿತಾಬ್-ಎ-ನವರಸ್' ಹಾಡಿನ ಪುಸ್ತಕದಾಗ ಸರಸ್ವತಿ ಸ್ತುತಿನೂ ಐತಿ. 1599ರಾಗ ತೊರವಿ ಹತ್ರ ನವರಸಪುರ ಅನ್ನೂ ಊರು ಕಟ್ಟಿಸಾಕ ಹಚ್ಚಿದ. 1624ರಾಗ ಮಲಿಕ್ ಅಂಬರನ ದಂಡು ಬಂದು ಅದನ್ನ ಹಾಳು ಮಾಡಿತು. ಸಂಗೀತ ಮಹಲಿನ ಕಮಾನುಗಳು ಈಗೂ ನಿಂತಾವ.

ಅರಮನಿ ಹೋದ್ರೂ ತಂಬೂರಿ ಹೋಗಲಿಲ್ಲ. 19ನೇ ಶತಮಾನದಾಗ ಮಿರಜದಾಗ ಕತ್ತಿ ಸಾಣಿ ಹಿಡಿಯೋ ಸಿಕಲಗಾರರಿಗೆ ಕೆಲಸ ಕಡಿಮಿ ಆತು. ಅವರೊಳಗ ಫರೀದಸಾಹೇಬರು ತಂಬೂರಿ, ಸಿತಾರ ಮಾಡೂದು ಕಲತ್ರು. ಆ ಕಸಬು ಇವತ್ತಿಗೂ ನಡದೈತಿ. 2024ರಾಗ ಮಿರಜ ತಂಬೂರಿಗೆ ಭೌಗೋಲಿಕ ಗುರುತೂ ಸಿಕ್ಕಿತು. ತಂಬೂರಿಯ ಬುರುಡಿಗೆ ಬೇಕಾದ ಕುಂಬಳಕಾಯಿ ಪಂಢರಪುರದ ಕಡೆ, ಭೀಮಾ ನದಿ ಸೀಮಿಯೊಳಗ ಬೆಳೀತಾವ. ಅದೇ ಭೀಮಾ ಮುಂದ ನಮ್ಮ ಇಂಡಿ, ಸಿಂದಗಿ ಮಗ್ಗಲ ಹರದು ಹೋಗ್ತಾಳ.

ತಂಬೂರಿಗೆ ನಾಕು ತಂತಿ. ಮೊದಲನೇದು ಪ, ನಡುವಿನ ಎರಡು ಸಾ, ಕಡೀದು ಎಲ್ಲಕ್ಕಿಂತ ಕೆಳಗಿನ ಸಾ. ಇದಕ್ಕ ಖರ್ಜ ಅಂತಾರ. ಮಾಲಕಂಸದಂಥ ರಾಗಕ್ಕ ಪ ಇಲ್ಲ, ಆಗ ಮೊದಲನೇ ತಂತಿ ಮ ಆಗ್ತೈತಿ. ನಮ್ಮ ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ತತ್ವಪದ ಹಾಡೋ ಮುತ್ಯಾಗೋಳ ಕೈಯಾಗಿನ ಏಕತಾರಿಗೆ ಒಂದ ತಂತಿ, ಆದರ ಕೆಲಸ ಅದ.

ಈಗ ಹುಡುಗಿ ಗಿಟಾರಿಗೆ ಬರೂನು. ಮೊದಲ ಆಳೆತ್ತರದ ಪಿಟೀಲಿನಂಥ ವಾದ್ಯ ನಿಲ್ಲಿಸಿಕೊಂಡು ಬಾರಿಸತಿದ್ರು. 1951ರಾಗ ಅಮೆರಿಕಾದ ಲಿಯೋ ಫೆಂಡರ್ ಕೊರಳಿಗೆ ಹಾಕ್ಕೊಳ್ಳೂ ಕರೆಂಟಿನ ಬೇಸ್ ಹೊರತಂದ, ಸ್ವರ ತಪ್ಪದಂಗ ಫ್ರೆಟ್ ಹಚ್ಚಿದ. ಅದಕ್ಕೂ ನಾಕ ತಂತಿ. ದಪ್ಪನ ತಂತೀನ ಎಲ್ಲೇ ಒತ್ತಿ ಸಾ ಅಂದ್ಕೊಳ್ರಿ, ಅದೇ ಫ್ರೆಟ್ಟಿನಾಗ ಮುಂದಿನ ತಂತಿ ಮ ಆಗ್ತೈತಿ. ಅಲ್ಲಿಂದ ಎರಡು ಫ್ರೆಟ್ ಮುಂದ ಸರದ್ರ ಪ. ಅದೇ ಫ್ರೆಟ್ಟಿನಾಗ ಮೂರನೇ ತಂತಿಗೆ ಬಂದ್ರ ಮ್ಯಾಲಿನ ಸಾ. ಸಾ, ಪ, ಸಾ: ನೋಡ್ರಿ, ತಂಬೂರಿ ಸ್ವರಗಳ!

ಬಲಗೈ ತೋರುಬೆರಳು, ನಡುಬೆರಳು ಒಂದಾದ ಮ್ಯಾಲೆ ಒಂದು ಮೀಟಬೇಕು. ಎಡಗೈ ಬೆರಳು ಫ್ರೆಟ್ಟಿನ ಮ್ಯಾಲಲ್ಲ, ಅದರ ಹಿಂದ ಸನೇಕ ಒತ್ತಬೇಕು, ಇಲ್ಲಾಂದ್ರ ತಂತಿ ಝರ್ ಅಂತೈತಿ. ತಂಬೂರಿ ತಂತಿ ಮೊಳಗಲಿ ಅಂತ ಬಿಡ್ತೀವಿ. ಬೇಸಿನಾಗ ಬ್ಯಾಡಾದ ತಂತಿ ಬೆರಳಿಲೆ ಮುಚ್ಚಬೇಕು. ಎಲ್ಲಿ ಸುಮ್ಮನಾಗಬೇಕು ಅನ್ನೂದ ಅರ್ಧ ವಿದ್ಯಾ.

"ಹೆಣ್ಣ ಹುಡುಗಿಗೆ ಇಂಥ ದಪ್ಪ ದನಿ ಯಾಕ?" ಅನ್ನೋರಿಗೂ ಒಂದು ಮಾತು. ಧಾರವಾಡದಾಗ 1913ರಾಗ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ದನಿ ಮೊದಲ ತೆಳ್ಳಗಿತ್ತು. ಗಂಟಲಿಗೆ ಚಿಕಿತ್ಸೆ ಆದ ಮ್ಯಾಲೆ ದಪ್ಪಾಗಿ ಕೆಳಗಿಳೀತು. ಅವರು ಹಾಡೂದು ಬಿಡಲಿಲ್ಲ, ಆ ದನಿಯಿಂದನ ಹೆಸರಾದ್ರು. 2002ರಾಗ ಪದ್ಮವಿಭೂಷಣ ಬಂತು.

ವೈನಿ, ಯುಗಾದಿಗೆ ಹುಡುಗಿ ಮತ್ತ ಬರ್ತಾಳ. ನೀವು ಅಮಾಸಿ ಭಜನಿಯೊಳಗ ಹಾಡೂ ಪದ ಒಂದು ಹಾಡ್ರಿ, ಆಕಿ ಸಾ-ಪ ಹಿಡೀಲಿ. ನಡುವ ಒಮ್ಮೆ ಆಕಿಗೆ ಕೈ ತಗಿ ಅಂತೀನಿ. ಆಗ ಹಾಡ ಎಲ್ಲಿತ್ತು ಅಂತ ನೀವ ಹೇಳ್ರಿ.